ಬೈಕಿಗೆ ಬೇರೆ ಜಿಪಿಎಸ್ ಬೇಕಾ, ಫೋನೇ ಸಾಕಾ?

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಬೈಕಲ್ಲೇ ಊರಿಗೆ ಹೋಗೋರು ನಮ್ಮಲ್ಲಿ ಬಹಳ ಜನ. "ಯಾವ ಜಿಪಿಎಸ್ ತಗೊಳ್ಳಲಿ?" ಅಂತ ಕೇಳ್ತೀರಿ. ಉತ್ತರ ಕಂಪನಿ ಹೆಸರಲ್ಲಿಲ್ಲ, ನೀವು ಹೋಗುವ ದಾರಿಯಲ್ಲಿದೆ.

ಮೊದಲು ಒಂದು ವಿಷಯ. ನೆಟ್‌ವರ್ಕ್ ಹೋದ ಮಾತ್ರಕ್ಕೆ ಫೋನಿನ ಜಿಪಿಎಸ್ ನಿಲ್ಲಲ್ಲ. ನೀವು ಎಲ್ಲಿದ್ದೀರಿ ಅಂತ ತಿಳಿಯೋದು ಉಪಗ್ರಹದ ಸಿಗ್ನಲ್‌ನಿಂದ. ಡೇಟಾ ಬೇಕಾಗೋದು ಮ್ಯಾಪ್ ಇಳಿಸಲು, ಟ್ರಾಫಿಕ್ ನೋಡಲು. ಹೆದ್ದಾರಿ 48 ಹಿಡಿದು ವರ್ಷಕ್ಕೆ ಎರಡು-ಮೂರು ಸಲ ಹೋಗೋರಿಗೆ ಮನೆ ವೈಫೈಯಲ್ಲಿ ಇಳಿಸಿಕೊಂಡ ಆಫ್‌ಲೈನ್ ಮ್ಯಾಪ್ ಸಾಕು.

ಆದರೆ ಮಳೆಗಾಲದಲ್ಲಿ ಅಂಬೋಲಿ ಘಾಟಿ ಇಳಿಯೋರ ಕಥೆ ಬೇರೆ. ಸ್ಕ್ರೀನ್ ಮೇಲೆ ಬಿದ್ದ ಹನಿಯನ್ನೇ ಫೋನು ಬೆರಳು ಅಂದ್ಕೊಳ್ಳುತ್ತೆ. ಗ್ಲೌಸ್ ಹಾಕಿದ ಬೆರಳನ್ನ ಗುರುತಿಸಲ್ಲ. ಬೇಸಿಗೆಯಲ್ಲಿ ಬಿಸಿಯಾಗಿ ಬೆಳಕು ತಾನೇ ಕಡಿಮೆ ಮಾಡ್ಕೊಳ್ಳುತ್ತೆ. ಇಂಜಿನ್ನಿನ ಜೋರು ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು.

ಬೈಕಿಗೆಂದೇ ಮಾಡಿದ ಯೂನಿಟ್ ಇವನ್ನೆಲ್ಲ ತಡೆಯುತ್ತೆ, ಬೆಲೆ ಮಾತ್ರ ಹೆಚ್ಚು. ಕೊಳ್ಳೋ ಮುಂಚೆ ನಾಲ್ಕು ವಿಷಯ ನೋಡಿ:

1. ಐಪಿಎಕ್ಸ್7 ಇದೆಯಾ? ಅಂದರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆಯಬೇಕು.
2. ಭಾರತದ ಮ್ಯಾಪ್ ಒಳಗೇ ಇದೆಯಾ? ಅಮೆರಿಕದಿಂದ ಅಣ್ಣ ತರುವ ಯೂನಿಟ್‌ನಲ್ಲಿ ಅದು ಇಲ್ಲದಿರಬಹುದು.
3. ಗ್ಲೌಸ್ ಹಾಕ್ಕೊಂಡೇ, ಅಂಗಡಿಯ ಹೊರಗೆ ಬಿಸಿಲಲ್ಲಿ ಪರೀಕ್ಷಿಸಿ.
4. ಬ್ಯಾಟರಿಯಿಂದ ಫ್ಯೂಸ್ ಇರುವ ವೈರ್ ಎಳೆಸಿ. ಕೀ ತೆಗೆದಾಗ ಕರೆಂಟ್ ನಿಲ್ಲಲಿ.

ನಡುವಿನ ದಾರಿಯೂ ಇದೆ. ರಾಯಲ್ ಎನ್‌ಫೀಲ್ಡ್‌ನ ಟ್ರಿಪ್ಪರ್‌ನಂಥ ಪುಟ್ಟ ಡಯಲ್ ತಿರುವಿನ ಬಾಣ ತೋರಿಸುತ್ತೆ, ಫೋನು ಜೇಬಲ್ಲೇ ಇರುತ್ತೆ. ಲೆಕ್ಕ ಹಾಕೋದು ಮಾತ್ರ ಫೋನೇ. ಅದರ ಚಾರ್ಜ್ ಮುಗಿದರೆ ಬಾಣವೂ ಇಲ್ಲ.

ಯಾವುದನ್ನೇ ತಗೊಳ್ಳಿ, ಇದನ್ನ ಮರೀಬೇಡಿ: 60 ಕಿಲೋಮೀಟರ್ ವೇಗದಲ್ಲಿ 2 ಸೆಕೆಂಡ್ ಸ್ಕ್ರೀನ್ ನೋಡಿದರೆ ಬೈಕು ಸುಮಾರು 33 ಮೀಟರ್ ಮುಂದೆ ಹೋಗಿರುತ್ತೆ. ಘಾಟಿಯ ತಿರುವು ಅದಕ್ಕಿಂತ ಹತ್ತಿರ ಇರಬಹುದು. ಅದಕ್ಕೇ ದುಡ್ಡು ಕಡಿಮೆ ಇದ್ದರೆ ಮೊದಲು ಹೆಲ್ಮೆಟ್ಟಿಗೆ ಬ್ಲೂಟೂತ್ ಸ್ಪೀಕರ್ ಹಾಕಿಸಿ. ದಾರಿ ಕಿವಿಗೆ ಕೇಳಲಿ, ಕಣ್ಣು ರಸ್ತೆ ಮೇಲಿರಲಿ. ಮ್ಯಾಪ್ ನೋಡಲೇಬೇಕು ಅನ್ನಿಸಿದರೆ ಬದಿಗೆ ನಿಲ್ಲಿಸಿ ನೋಡಿ. ಹತ್ತು ನಿಮಿಷ ತಡವಾಗಿ ಊರು ಸೇರಿದರೆ ಅಮ್ಮ ಏನೂ ಅನ್ನಲ್ಲ.