ಹೊರಡಲೊಲ್ಲದ ಗಾಡಿ

ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಗಳಿಗೆ ಸರಕು ಹೊರುವ ಪಿಕಪ್ ಗಾಡಿಯು ಬೆಳಗ್ಗೆ ಸುಗಮವಾಗಿ ಹೊರಡುವುದು. ಎಂಜಿನು ಕಾದ ಮಧ್ಯಾಹ್ನದಲ್ಲಿ ಕೀಲಿ ತಿರುಗಿಸಿದರೆ ‘ಟಕ್’ ಎಂದು ಸುಮ್ಮನಾಗುವುದು. ಅರ್ಧ ಗಂಟೆ ಕಳೆದರೆ ಮತ್ತೆ ಸರಿ. ಮೆಕ್ಯಾನಿಕನ ಮುಂದಂತೂ ಈ ರೋಗ ತಲೆದೋರುವುದೇ ಅಪರೂಪ! ಬಾಡಿಗೆಗೆ ಓಡಿಸುವವನಿಗೆ ಒಂದು ಸರದಿ ತಪ್ಪಿದರೆ ಆ ದಿನದ ಸಂಪಾದನೆಯೇ ತಪ್ಪಿತು. ಆತುರದಲ್ಲಿ ಅವನು ಹೊಸ ಬ್ಯಾಟರಿಗೆ ಹಣ ತೆರುವನು.

ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರುವುದು. ಆದರೆ ಸ್ಟಾರ್ಟರು ನೂರಾರು ಆಂಪಿಯರ್ ವಿದ್ಯುತ್ತನ್ನು ಸೆಳೆಯುವುದರಿಂದ, ಕಿಲುಬು ಹಿಡಿದ ಒಂದೇ ಜೋಡಣೆಯು ಆ ಬಲವನ್ನು ಶಾಖವಾಗಿ ನುಂಗಿಬಿಡಬಲ್ಲುದು. ಆದುದರಿಂದ ಗಾಡಿಯು ಹಟ ಹಿಡಿದಾಗಲೇ ಅಳೆಯಬೇಕು. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಮಾಪಕದ ಒಂದು ತುದಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಎಂಜಿನಿನ ಮೈಗೂ ತಾಗಿಸಿ, ಮತ್ತೊಬ್ಬರಿಂದ ಕೀಲಿ ತಿರುಗಿಸಿರಿ. ಅರ್ಧ ವೋಲ್ಟಿಗೂ ಮಿಗಿಲಾದರೆ ದೋಷವು ಅರ್ತ್ ತಂತಿಯ ದಾರಿಯಲ್ಲಿದೆ. ಅದರ ತುದಿಗಳನ್ನು ಕಳಚಿ, ಹೊಳೆಯುವಂತೆ ಉಜ್ಜಿ ಬಿಗಿಯತಕ್ಕದ್ದು. ಮಿಗಿಲಾಗದೆ, ಧನ ಧ್ರುವದಿಂದ ಸ್ಟಾರ್ಟರಿನ ದಪ್ಪ ತಂತಿಯವರೆಗೂ ಎಲ್ಲವೂ ನೆಟ್ಟಗಿದ್ದು, ‘ಟಕ್’ ಮಾತ್ರ ಕೇಳಿಸಿದರೆ, ಸೊಲೆನಾಯ್ಡಿನೊಳಗಿನ ತಾಮ್ರದ ಸಂಪರ್ಕಗಳು ಸವೆದಿರಬಹುದು.