ಗಣಕವು ಮನೆ ಬದಲಿಸಿದಾಗ

2014ನೆಯ ಇಸವಿ ನವೆಂಬರ್ 1ರಂದು ಬಿಜಾಪುರವು ವಿಜಯಪುರವೆಂಬ ಹೆಸರನ್ನು ಪಡೆಯಿತು. ಹೆಸರು ಬದಲಾಯಿತೇ ಹೊರತು ನಗರದ ಪಿನ್ ಸಂಖ್ಯೆಯಾದ 586101 ಬದಲಾಗಲಿಲ್ಲ. ಕಚೇರಿಗಳ ಗಣಕಜಾಲದಲ್ಲಿ ಇದಕ್ಕೆ ವಿಪರೀತವಾದ ಪ್ರಸಂಗವು ಒದಗುವುದುಂಟು. ಅಲ್ಲಿ ಹೆಸರು ಉಳಿಯುತ್ತದೆ, ಅಂಕೆ ಬದಲಾಗುತ್ತದೆ. ಅದು ಹೇಗೆಂಬುದನ್ನು ವಿಚಾರಿಸೋಣ.

ಇಟ್ಟಂಗಿಹಾಳದ ರೈತನೊಬ್ಬನು ಬೆಳೆಸಾಲಕ್ಕಾಗಿ ಪಹಣಿಯನ್ನು, ಆ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಉತಾರವನ್ನು, ಕೇಳಲು ಬಂದಿದ್ದಾನೆಂದು ಭಾವಿಸೋಣ. ಒಂದು ಕಾಲಕ್ಕೆ ತಲಾಟಿಯ ದಫ್ತರದಲ್ಲಿದ್ದ ಈ ಲೆಕ್ಕವು 'ಭೂಮಿ' ಯೋಜನೆಯಿಂದ ಗಣಕವನ್ನು ಸೇರಿದೆ. ಗುಮಾಸ್ತನ ಮೇಜಿನ ಮೇಲಿನ ಯಂತ್ರವು ದಾಖಲೆಗಾಗಿ ಸರ್ವರ್ ಎಂಬ ಮತ್ತೊಂದು ಯಂತ್ರವನ್ನು ಕೇಳಬೇಕು. ಇಂತಹ ಸರ್ವರಿನ ವಿಳಾಸ ತಪ್ಪಿದರೆ ಹೊಲವೂ ಇದೆ, ದಾಖಲೆಯೂ ಇದೆ. ರೈತನು ಮಾತ್ರ ಬರಿಗೈಯಲ್ಲಿ ಹಿಂದಿರುಗಬೇಕು.

ಈ ವಿಳಾಸಕ್ಕೆ ಐಪಿ ವಿಳಾಸವೆಂದು ಹೆಸರು. 1981ರಲ್ಲಿ ನಿಶ್ಚಯವಾದ ನಾಲ್ಕನೆಯ ಆವೃತ್ತಿಯಲ್ಲಿ ಅದು 32 ಬಿಟ್ಟುಗಳ ಸಂಖ್ಯೆ. ಅದನ್ನು ನಾಲ್ಕು ಭಾಗ ಮಾಡಿ 192.168.1.10 ಎಂಬಂತೆ ಬರೆಯುವುದು ವಾಡಿಕೆ. ಇಂತಹ ಸಂಖ್ಯೆಗಳು ಒಟ್ಟು ಸುಮಾರು 429 ಕೋಟಿ. ಅಂಕೆಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟ. ಆದುದರಿಂದ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಹೆಸರನ್ನು ಕೇಳಿ ಅಂಕೆಯನ್ನು ತಿಳಿಸುವ ಡಿಎನ್ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿದನು.

ಅಂಕೆಯನ್ನು ಬದಲಿಸುವ ಅಗತ್ಯವಾದರೂ ಏನು? ಸಣ್ಣ ಜಾಲವೊಂದರ ಸಾಮಾನ್ಯ ವಿಂಗಡಣೆಯಲ್ಲಿ 254 ಯಂತ್ರಗಳಿಗೆ ಮಾತ್ರ ಎಡೆಯಿರುತ್ತದೆ. ಕಚೇರಿ ಬೆಳೆದರೆ ಅಥವಾ ಎರಡು ಜಾಲಗಳು ಒಂದಾದರೆ ಹೊಸ ಹಂಚಿಕೆ ಅನಿವಾರ್ಯ. ಒಂದೇ ಅಂಕೆಯನ್ನು ಎರಡು ಯಂತ್ರಗಳು ಧರಿಸಿದರೆ ಎರಡರ ಕೆಲಸವೂ ಕೆಡುವುದು.

ಹೊಸ ಅಂಕೆಯನ್ನು ಡಿಎನ್ಎಸ್‌ನಲ್ಲಿ ಬರೆದ ಮಾತ್ರಕ್ಕೆ ಕೆಲಸ ಮುಗಿಯದು. ಒಮ್ಮೆ ಕೇಳಿದ ಉತ್ತರವನ್ನು ಯಂತ್ರಗಳು ಕೆಲವು ಹೊತ್ತು ನೆನಪಿನಲ್ಲಿಟ್ಟುಕೊಳ್ಳುತ್ತವೆ. ಆ ಅವಧಿ 86,400 ಸೆಕೆಂಡು, ಅಂದರೆ ಒಂದು ದಿನವಾಗಿದ್ದರೆ, ಅಷ್ಟು ಕಾಲವೂ ಅವು ಹಳೆಯ ಬಾಗಿಲನ್ನೇ ತಟ್ಟಬಹುದು. ಅನುಭವಸ್ಥರು ಎರಡು ದಿನ ಮುಂಚಿತವಾಗಿಯೇ ಅವಧಿಯನ್ನು 300 ಸೆಕೆಂಡುಗಳಿಗೆ ಇಳಿಸುತ್ತಾರೆ. ಬದಲಾವಣೆಯ ದಿನ ಹಳೆಯ ನೆನಪು ಐದೇ ನಿಮಿಷಗಳಲ್ಲಿ ಅಳಿಯುತ್ತದೆ.

ಡಿಎನ್ಎಸ್ ಸರ್ವರಿನ ಅಂಕೆಯನ್ನೇ ಬದಲಿಸಬೇಕಾದರೆ ತೊಡಕು ಹೆಚ್ಚು. ದಾರಿ ಹೇಳುವವನ ಮನೆಯ ದಾರಿಯನ್ನು ಯಾರಲ್ಲಿ ಕೇಳುವುದು? ಅದರ ಅಂಕೆಯನ್ನು ಪ್ರತಿಯೊಂದು ಯಂತ್ರವೂ ಮೊದಲೇ ತಿಳಿದಿರಬೇಕು. ಇದನ್ನು ಡಿಎಚ್‌ಸಿಪಿ ಎಂಬ ವ್ಯವಸ್ಥೆ ಹಂಚುತ್ತದೆ. ಅದು ಕೊಡುವ ವಿಳಾಸವು ಗುತ್ತಿಗೆಯಂತೆ. ಸಾಮಾನ್ಯವಾಗಿ ಅರ್ಧ ಅವಧಿ ಕಳೆದಾಗ ಯಂತ್ರವು ಅದನ್ನು ನವೀಕರಿಸಿಕೊಳ್ಳುತ್ತದೆ. ಎಂಟು ಗಂಟೆಯ ಗುತ್ತಿಗೆಯಾದರೆ ಹೊಸ ಸಮಾಚಾರ ತಲಪಲು ನಾಲ್ಕು ಗಂಟೆ ಹಿಡಿಯಬಹುದು.

ಇನ್ನು ಹೆಸರನ್ನು ಕೇಳದೆ ನೇರವಾಗಿ ಅಂಕೆಯನ್ನೇ ಬರೆದಿಟ್ಟುಕೊಂಡ ಮುದ್ರಣಯಂತ್ರಗಳು, ಕಾವಲಿನ ನಿಯಮಗಳು, ಹಳೆಯ ತಂತ್ರಾಂಶಗಳು ಇರುತ್ತವೆ. ಅವನ್ನು ಒಂದೊಂದಾಗಿ ಹುಡುಕಿ ಪಟ್ಟಿ ಮಾಡಬೇಕು. ದೂರದಿಂದ ಕೆಲಸ ಮಾಡುವವರು ಇನ್ನೂ ಎಚ್ಚರದಿಂದಿರಬೇಕು. ತಾವು ಯಾವ ಅಂಕೆಯ ಮೂಲಕ ಯಂತ್ರವನ್ನು ತಲಪಿರುವರೋ ಅದನ್ನೇ ಅಳಿಸಿದರೆ, ಕುಳಿತ ಕೊಂಬೆಯನ್ನೇ ಕಡಿದಂತಾಗುವುದು!

ಇದಕ್ಕೊಂದು ಸುಲಭೋಪಾಯವುಂಟು. ಯಂತ್ರವೊಂದು ಏಕಕಾಲದಲ್ಲಿ ಎರಡು ಅಂಕೆಗಳನ್ನು ಧರಿಸಬಲ್ಲದು. ಜಾಲವು ಎರಡಕ್ಕೂ ದಾರಿಯನ್ನು ಉಳಿಸಿಕೊಂಡಿದ್ದರೆ, ಹೊಸದನ್ನು ಕೊಟ್ಟು ಹಳೆಯದನ್ನೂ ಕೆಲವು ದಿನ ಇರಿಸಿ, ಹಳೆಯ ಬಾಗಿಲಿಗೆ ಇನ್ನೂ ಯಾರು ಬರುತ್ತಿದ್ದಾರೆಂದು ಗಮನಿಸಬೇಕು. ಬರುವವರೆಲ್ಲರನ್ನೂ ತಿದ್ದಿದ ಬಳಿಕ ಅದನ್ನು ಮುಚ್ಚಬಹುದು. ಈ ಕ್ರಮವನ್ನು ಪಾಲಿಸಿದಲ್ಲಿ ಬದಲಾವಣೆಯು ನಡೆದದ್ದೇ ಸರದಿಯಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಉತಾರವು ಅವರ ಕೈ ಸೇರುತ್ತದೆ.