ಹೊಸ ಕಾರಿನ ಪೆಟ್ರೋಲು ಎಲ್ಲಿಗೆ ಹೋಗುವುದು?

ನನ್ನ ಮಿತ್ರರೊಬ್ಬರು ಬೆಂಗಳೂರಿನಲ್ಲಿ ಹೊಸದಾಗಿ ಒಂದು ಸಣ್ಣ ಕಾರನ್ನು ಕೊಂಡರು. ಲೀಟರಿಗೆ 20 ಕಿಲೊಮೀಟರ್ ಓಡುವುದೆಂದು ಅದರ ವಿವರಪತ್ರದಲ್ಲಿ ಅಚ್ಚಾಗಿದ್ದಿತು. ಎರಡು ತಿಂಗಳ ತರುವಾಯ ಲೆಕ್ಕ ಹಾಕಿ ನೋಡಿದರೆ 12ನ್ನು ದಾಟಿರಲಿಲ್ಲ. ಯಂತ್ರದಲ್ಲಿ ದೋಷವಿರಬೇಕೆಂದು ಎರಡು ಬಾರಿ ದುರಸ್ತಿಗೆ ಒಯ್ದರು. ದೋಷವೇನೂ ಇಲ್ಲವೆಂಬ ಉತ್ತರ ಬಂದಿತು. ಸಾಲದ ಕಂತಿನೊಡನೆ ಪೆಟ್ರೋಲಿನ ಬೆಲೆಯನ್ನೂ ಸಂಬಳದಲ್ಲಿಯೇ ತೆರಬೇಕಾದ ಗೃಹಸ್ಥನಿಗೆ ಈ 8 ಕಿಲೊಮೀಟರುಗಳ ಅಂತರ ಅಲ್ಪವಾದುದಲ್ಲ. ಇದರಲ್ಲಿ ಮೋಸವೇನಾದರೂ ಇದೆಯೆ?

ಅಚ್ಚಾದ ಅಂಕೆ ಸುಳ್ಳಲ್ಲ; ಆದರೆ ಅದು ಬೀದಿಯ ಅಂಕೆಯೂ ಅಲ್ಲ. ಪುಣೆಯ ಎ.ಆರ್.ಎ.ಐ.ಯಂತಹ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗಕ್ರಮದಲ್ಲಿ ಸುಮಾರು 20 ನಿಮಿಷ ಚಕ್ರಗಳನ್ನು ತಿರುಗಿಸಿ ಅಳೆಯುವರು. ಬಹುಕಾಲ ನಡೆದು ಬಂದ ಕ್ರಮದಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೊಮೀಟರ್, ಏರ್‌ಕಂಡೀಷನರು ನಿಂತಿರುವುದು. ಅಲ್ಲಿ ಹಳ್ಳತಿಟ್ಟುಗಳಿಲ್ಲ, ಅಡ್ಡಬರುವ ಎಮ್ಮೆಯೂ ಇಲ್ಲ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸುವುದಕ್ಕೆ ಈ ಅಂಕೆ ಉಪಯುಕ್ತ. ಮನೆಯ ಆಯವ್ಯಯಕ್ಕೆ ಅದನ್ನು ನಂಬಲಾಗದು.

ಒಂದು ಲೀಟರ್ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಅಡಗಿದೆ. 100 ಕಿಲೊಗ್ರಾಂ ಭಾರದ ಮೂಟೆಯನ್ನು ಒಂದು ಕಿಲೊಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಸುಮಾರು ಒಂದು ಮೆಗಾಜೂಲ್ ಎಂದರೆ ವಾಚಕರಿಗೆ ಇದರ ಪ್ರಮಾಣ ತಿಳಿದೀತು. ಇದರ ಬಹುಭಾಗ ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಶಾಖವಾಗಿ ಹೊರಬೀಳುವುದು. ಚಕ್ರಗಳಿಗೆ ದೊರಕುವುದು ಸ್ಥೂಲವಾಗಿ ಕಾಲುಭಾಗ, ಎಂದರೆ 8 ಮೆಗಾಜೂಲ್. ಕಾರಿನ ಸಂಸಾರವೆಲ್ಲ ಈ ಎಂಟರಲ್ಲಿ ಸಾಗಬೇಕು.

ನಗರದಲ್ಲಿ ಇದನ್ನು ಹೆಚ್ಚಾಗಿ ನುಂಗುವುದು ಬ್ರೇಕು. ಇಬ್ಬರು ಕುಳಿತ ಸಣ್ಣ ಕಾರಿನ ತೂಕ ಸುಮಾರು 1,000 ಕಿಲೊಗ್ರಾಂ. ನಿಂತಿರುವ ಅದನ್ನು ಗಂಟೆಗೆ 60 ಕಿಲೊಮೀಟರ್ ವೇಗಕ್ಕೆ ತರಲು, ಘರ್ಷಣೆಯನ್ನು ಲೆಕ್ಕಿಸದೆಯೇ, 0.14 ಮೆಗಾಜೂಲ್ ಬೇಕು; ಅದಕ್ಕೆ ತಗಲುವ ಪೆಟ್ರೋಲು ಸುಮಾರು 17 ಮಿಲಿಲೀಟರ್, ಮೂರು ಟೀ ಚಮಚಗಳಿಗೂ ಮಿಗಿಲು. ಕೂಡುರಸ್ತೆಯಲ್ಲಿ ಕೆಂಪು ದೀಪ ಕಂಡು ಬ್ರೇಕು ತುಳಿದೊಡನೆ ಆ ಶಕ್ತಿಯೆಲ್ಲ ಶಾಖವಾಗಿ ಗಾಳಿಯ ಪಾಲಾಗುವುದು. ಒಂದು ಕಿಲೊಮೀಟರಿನಲ್ಲಿ ಎರಡು ಬಾರಿ ಹೀಗಾದರೆ 34 ಮಿಲಿಲೀಟರ್ ಹೋಯಿತು. ಲೀಟರಿಗೆ 20 ಓಡಬೇಕಾದ ಕಾರಿಗೆ ಆ ಕಿಲೊಮೀಟರಿನ ಇಡಿಯ ಪಡಿಯೇ 50 ಮಿಲಿಲೀಟರ್! ವೇಗ 30 ಮಾತ್ರ ಇದ್ದರೆ ನಷ್ಟ ಕಾಲುಭಾಗಕ್ಕೆ ಇಳಿಯುವುದು, ಏಕೆಂದರೆ ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದು. ಆದುದರಿಂದ ದೂರದಿಂದಲೇ ದೀಪವನ್ನು ಗಮನಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆಯುವವನ ಖರ್ಚು, ದೀಪದವರೆಗೂ ಧಾವಿಸಿ ಬ್ರೇಕು ಹಾಕುವವನದಕ್ಕಿಂತ ಬಹಳ ಕಡಿಮೆ. ಇಬ್ಬರೂ ತಲಪುವುದು ಅದೇ ಕೆಂಪು ದೀಪವನ್ನು.

ಇದೇ ಮಿತ್ರರು ಮಂಗಳೂರಿಗೆ ಹೋಗಿ ಬಂದು, ಹೋಗುವಾಗ ಕಾರು ಚೆನ್ನಾಗಿ ಓಡಿತು, ಬರುವಾಗ ಕೈಕೊಟ್ಟಿತು ಎಂದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಅವರ ಕಾರನ್ನು ಏರಿಸಲು ಸುಮಾರು 9 ಮೆಗಾಜೂಲ್, ಎಂದರೆ ಒಂದು ಲೀಟರಿನಷ್ಟು ಪೆಟ್ರೋಲು, ಹೆಚ್ಚಾಗಿಯೇ ಬೇಕು. ಶಿರಾಡಿಯ ಇಳಿಜಾರಿನಲ್ಲಿ ಗೇರನ್ನು ತೆಗೆದು ಕಾರನ್ನು ಸುಮ್ಮನೆ ಜಾರಬಿಡುವುದು ಮಿತವ್ಯಯವೆಂದು ಅನೇಕರು ಭಾವಿಸುವರು. ಇದು ತಪ್ಪು ಮಾತ್ರವಲ್ಲ, ಅಪಾಯಕರ. ಇಂದಿನ ಕಾರುಗಳಲ್ಲಿ ಗೇರಿನಲ್ಲಿದ್ದುಕೊಂಡೇ ಆಕ್ಸಿಲರೇಟರನ್ನು ಬಿಟ್ಟರೆ ಎಂಜಿನ್ನಿಗೆ ಹೋಗುವ ಪೆಟ್ರೋಲು ಪೂರ್ಣವಾಗಿ ನಿಲ್ಲುವುದು. ಇಳಿಜಾರೇ ಎಂಜಿನ್ನನ್ನು ತಿರುಗಿಸುವುದು. ಗೇರು ತೆಗೆದರೆ ಎಂಜಿನ್ನು ಆರದಿರಲು ಪೆಟ್ರೋಲು ಬೇಕು. ಕಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ತಪ್ಪುವುದೂ ಉಂಟು.

ಹೆದ್ದಾರಿಯಲ್ಲಿ ಶತ್ರು ಗಾಳಿ. ಗಾಳಿಯ ತಡೆಯೂ ವೇಗದ ವರ್ಗಕ್ಕೆ ಅನುಗುಣವಾದುದರಿಂದ 80ರಿಂದ 120ಕ್ಕೆ ಏರಿದರೆ ಅದು ಎರಡೂಕಾಲು ಪಟ್ಟಾಗುವುದು. ಗಾಳಿ ಕುಗ್ಗಿದ ಟೈರು, ಏರ್‌ಕಂಡೀಷನರು, ಬೆಳಗಿನ ಹೊತ್ತು ತಣ್ಣಗಿರುವ ಎಂಜಿನ್ನಿನಲ್ಲಿ ಎರಡು ಕಿಲೊಮೀಟರ್ ಹೋಗಿ ನಿಲ್ಲಿಸುವ ಅಭ್ಯಾಸ, ಇವುಗಳ ಪಾಲೂ ಇದೆ. ಪೆಟ್ರೋಲಿನ ಸ್ವರೂಪವೂ ಬದಲಾಗಿದೆ: 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲು ಬೆರೆಯುವಂತಾಯಿತು. ಎಥನಾಲಿನ ಶಕ್ತಿ, ಲೀಟರಿಗೆ ಲೀಟರ್ ಹೋಲಿಸಿದರೆ, ಪೆಟ್ರೋಲಿನ ಮೂರನೆಯ ಎರಡು ಪಾಲು. ಮಿಶ್ರಣದಲ್ಲಿ ನೂರಕ್ಕೆ ಆರೇಳು ಪಾಲು ಕೊರತೆ ಕಾಣುವುದು.

ಇನ್ನು ಹೊಸತನವೇ ಒಂದು ಕಾರಣ. ಪಿಸ್ಟನ್ನಿನ ಬಳೆಗಳೂ ಸಿಲಿಂಡರಿನ ಗೋಡೆಗಳೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಘರ್ಷಣೆ ತುಸು ಹೆಚ್ಚು. ಹೊಸ ಟೈರಿನ ದಪ್ಪ ರಬ್ಬರು ಉರುಳುವಾಗ ಹೆಚ್ಚು ಶಕ್ತಿಯನ್ನು ಹೀರುವುದು. ಕೆಲವು ಸಾವಿರ ಕಿಲೊಮೀಟರ್ ಓಡಿದ ಬಳಿಕ ಮೈಲೇಜು ಸ್ವಲ್ಪ ಸುಧಾರಿಸುವುದು ಸಾಮಾನ್ಯ. ಆದುದರಿಂದ ಮೊದಲ ತಿಂಗಳ ಅಂಕೆಯಿಂದ ತೀರ್ಮಾನ ಮಾಡಬಾರದು. ತೊಟ್ಟಿಯನ್ನು ಪೂರ್ತಿ ತುಂಬಿಸಿ, ಓಡಿದ ದೂರವನ್ನು ಗುರುತು ಹಾಕಿಕೊಂಡು, ಮತ್ತೆ ಪೂರ್ತಿ ತುಂಬಿಸುವಾಗ ಹಿಡಿಸಿದ ಲೀಟರುಗಳಿಂದ ಆ ದೂರವನ್ನು ಭಾಗಿಸಬೇಕು. ಒಂದು ಬಾರಿ ಸಾಲದು, ನಾಲ್ಕಾರು ಬಾರಿ ಮಾಡಬೇಕು. ಮಿತ್ರರು ಹೀಗೆ ಬರೆದಿಟ್ಟು, ಇತ್ತೀಚೆಗೆ 14 ಬರುತ್ತಿದೆಯೆಂದು ತಿಳಿಸಿದರು. ಆ 20ನ್ನು ಮಾತ್ರ ಅವರು ಇನ್ನೂ ಮರೆತಿಲ್ಲ.